ಹೆಗಲು ಯಾಕೆ ಕೊಡ್ತೀಯ?

ಮೊನ್ನೆ ಭಾನುವಾರ ನಮ್ಮ ಪಾಪ್-ಅಪ್ ಕ್ಯಾಂಪರಿನ, ಅಂದರೆ ಚಾವಣಿ ಮೇಲಕ್ಕೆತ್ತಿ ಒಳಗೆ ತಂಗುವ ಪ್ರವಾಸದ ಗಾಡಿಯ, ಮುಂದಿನ ಲಿಫ್ಟ್ ಪ್ಯಾನಲ್ ಬಿಚ್ಚಿದೆ. ಚಾವಣಿಯನ್ನು ಎತ್ತಿ ಹಿಡಿಯುವ, ನಡುವೆ ಹಿಂಜಿನಲ್ಲಿ ಮಡಚುವ ಜೋಡಿ ಹಲಗೆ ಅದು. ನಡುವಿನ ಹಿಂಜ್ ಕೂತಿದ್ದ ಜಾಗ ನೋಡಿ ಸುಮ್ನೆ ನಿಂತುಬಿಟ್ಟೆ. ಪ್ಲೈವುಡ್ಡಿನ ಅಗಲಕ್ಕೂ ಸಾಲುಸಾಲು ತೂತು. ಅಂಚೆಚೀಟಿ ಹಾಳೆಯಲ್ಲಿ ಹರಿಯಲಿ ಎಂದೇ ತೂತು ಹೊಡೆದಿರುತ್ತಾರಲ್ಲ, ಥೇಟ್ ಹಾಗೆ. ಅದೇ ಗೆರೆಯಲ್ಲಿ ಹಲಗೆ ಸೀಳಿತ್ತು.

ಹಿಂದೊಮ್ಮೆ ಸ್ಕ್ರೂ ಸಡಿಲವಾದಾಗ ರಿಪೇರಿಯವರು, "ನಡುನಡುವೆ ಇನ್ನೊಂದಷ್ಟು ಹೊಡೆದರೆ ಆಯ್ತು ಸಾರ್" ಅಂದಿದ್ದರು. ಕೆಲಸ ಬೇಗ ಮುಗಿಸುವವರು ಅವರು. ನಿಧಾನಿಸಿ ನೋಡುವವರಲ್ಲ. ತೆಳು ಪ್ಲೈಯಲ್ಲಿ ಪಕ್ಕಪಕ್ಕ ಸ್ಕ್ರೂ ಹೊಡೆದರೆ ಮಧ್ಯೆ ಮರವೇ ಉಳಿಯುವುದಿಲ್ಲ. ಸಾಲದ್ದಕ್ಕೆ ಒಳಗಿನ ತೇವ ಬೇರೆ ಆ ತೂತುಗಳಿಗೆ ಇಳಿದು ಪದರ ಬಿಚ್ಚಿಕೊಂಡಿತ್ತು.

ಇದನ್ನೆಲ್ಲ ತಮ್ಮನಿಗೆ ತೋರಿಸುತ್ತಾ ಬೈದುಕೊಳ್ಳುತ್ತಿದ್ದೆ. ಮೂಲೆಗಳಿಗೆ ಮರದ ಆಸರೆ ಕೊಟ್ಟು ನಿಲ್ಲಿಸಿದ್ದ ಚಾವಣಿಯನ್ನೇ ಅವನು ನೋಡುತ್ತಿದ್ದ.

"ಅಣ್ಣಾ, ಮೇಲೆ ಏನೇನು ಇಟ್ಟಿದ್ದೀಯ?"

"ಸೋಲಾರ್ ಪ್ಯಾನಲ್, ಒಂದು ಸಾಮಾನಿನ ಪೆಟ್ಟಿಗೆ. ಅಷ್ಟೇ."

"ಅಷ್ಟೇ ಆಗಿದ್ರೆ ಎತ್ತುವಾಗ ಹೆಗಲು ಯಾಕೆ ಕೊಡ್ತೀಯ?"

ಮಾತು ಕಡಿಮೆ ಅವನದು. ಆಡಿದ್ದು ಮಾತ್ರ ಸರಿಯಾಗಿ ತಾಗುತ್ತದೆ.

ಹೌದು, ಮೊದಲು ಅಂಗೈಯಲ್ಲೇ ಏಳುತ್ತಿತ್ತು. ಮಡಚಿಕೊಂಡ ಎರಡು ಹಲಗೆ ನೆಟ್ಟಗಾದ ಮೇಲೆ ಭಾರ ಸೀದಾ ಕೆಳಗಿಳಿಯುತ್ತದೆ, ಆಗ ತೊಂದರೆಯಿಲ್ಲ. ಅರ್ಧ ಮಡಚಿದ್ದಾಗ ಹಾಗಲ್ಲ. ನಾವು ನೂಕುವುದು, ಚಾವಣಿ ಒತ್ತುವುದು ಎರಡೂ ಆ ಹಿಂಜಿನ ಸ್ಕ್ರೂಗಳ ಮೇಲೇ. ನಾನು ಹೆಗಲು ಕೊಟ್ಟಷ್ಟೂ ಅವು ಮರ ಬಿಟ್ಟು ಬರುತ್ತಿದ್ದವು.

ಹೊಸ ಹಲಗೆ ಕೊಯ್ದೆವು. ಹಳೆಯದನ್ನೇ ಅಚ್ಚಾಗಿ ಇಟ್ಟುಕೊಂಡು ಗುರುತು ಮಾಡಿದೆವು. ದಪ್ಪ ಹೆಚ್ಚಿಸಲಿಲ್ಲ, ಹೆಚ್ಚಿಸಿದರೆ ಮಡಚಿದಾಗ ಚಾವಣಿ ಪೂರ್ತಿ ಕೂರುವುದಿಲ್ಲ. ಅಂಚಿಗೂ ತೂತಿಗೂ 2 ಕೋಟ್ ವಾರ್ನಿಶ್. ಸ್ಕ್ರೂ ಬದಲು ಚಪ್ಪಟೆ ತಲೆಯ ಬೋಲ್ಟು, ಹಿಂದೆ ಅಗಲದ ವಾಷರ್. ಚಾವಣಿಯ ಸುತ್ತ ಗೋಡೆಯಂತಿರುವ ಬಟ್ಟೆ ಎಲ್ಲಿ ಹರಿಯುತ್ತದೋ ಎಂಬ ಭಯದಲ್ಲೇ ಸಂಜೆಯಾಯಿತು.

ಆದರೆ ವಾರವಿಡೀ ಕಿವಿಯಲ್ಲಿರುವುದು ಅವನ ಪ್ರಶ್ನೆ. ಹೆಗಲು ಯಾಕೆ ಕೊಡ್ತೀಯ? ಹಲಗೆ ಸೀಳಿತು ಅಂದರೆ ಹಲಗೆಯನ್ನೇ ನೋಡುತ್ತೇವೆ. ಅಮ್ಮನಿಗೆ ಬೆನ್ನುನೋವು ಶುರುವಾದಾಗ ನಾವಿಬ್ಬರೂ ಹುಡುಕಿ ಹುಡುಕಿ ಒಳ್ಳೆಯ ಬೆಲ್ಟ್ ತಂದುಕೊಟ್ಟಿದ್ದೆವು. ಅದನ್ನು ಕಟ್ಟಿಕೊಂಡೇ ಅವಳು ಬಕೆಟ್ ಎತ್ತುತ್ತಿದ್ದಳು. ದಿನಕ್ಕೆ ಎಷ್ಟು ಬಕೆಟ್ ಅಂತ ನಾನು ಕೇಳಲಿಲ್ಲ. ಅವನೂ ಕೇಳಲಿಲ್ಲ. ಅಂದು ಚಾವಣಿ ನೋಡುತ್ತಿದ್ದಾಗ ಅವನಿಗೂ ಅದು ನೆನಪಾಗಿತ್ತೋ ಏನೋ. ಕೇಳುವ ಧೈರ್ಯ ಬರಲಿಲ್ಲ.

ಪೆಟ್ಟಿಗೆ ಕೆಳಗಿಳಿಸಿದ್ದೇನೆ. ಹಿಂದಿನ ಪ್ಯಾನಲ್ ಇನ್ನೂ ಬಿಚ್ಚಬೇಕು. ಈ ಭಾನುವಾರವೂ ಬರುತ್ತೇನೆ ಅಂದಿದ್ದಾನೆ ತಮ್ಮ.