ಜಾಂಗೋದವರಿಗೆ ಒಂದು ಮೇಲ್ ಹಾಕ್ರೀ

"ಇನ್ನೊಂದು ವರ್ಷ ಮುಂದಕ್ಕೆ ಹಾಕೋಕಾಗುತ್ತಾ ಅಂತ ಜಾಂಗೋದವರಿಗೆ ಒಂದು ಮೇಲ್ ಹಾಕ್ರೀ." ಈ ವಾರದ ಕಾಲ್‌ನಲ್ಲಿ ನಮ್ಮ ಮ್ಯಾನೇಜರ್ ಹೇಳಿದ್ದು, ತಮಾಷೆಗಲ್ಲ. ಜಾಂಗೋ ಅಂದ್ರೆ ವೆಬ್‌ಸೈಟ್ ಕಟ್ಟೋಕೆ ನಾವು ಬಳಸೋ ಪುಕ್ಕಟೆ ಸಾಫ್ಟ್‌ವೇರ್. ನಮ್ಮಲ್ಲಿರೋ ಅದರ 4.2 ವರ್ಷನ್‌ಗೆ ಸೆಕ್ಯೂರಿಟಿ ಫಿಕ್ಸ್ ಬರೋದು 2026ರ ಏಪ್ರಿಲ್‌ಗೆ ಖತಂ, 5.2ಗೆ ಹೋಗ್ಲೇಬೇಕು ಅಂತ ನಾನು ಹೇಳಿದ್ದಕ್ಕೆ ಈ ಉತ್ತರ. "ಯಾರಿಗೆ ಸರ್?" ಅಂದೆ. "ಅದೇ ರೀ, ಜಾಂಗೋದವರಿಗೆ." ಟೀಮಲ್ಲಿ ಇಬ್ರು ಫಟ್ ಅಂತ ಕ್ಯಾಮೆರಾ ಆಫ್ ಮಾಡಿದ್ರು, ನಗೋಕೆ.

ಮನುಷ್ಯ ಒಳ್ಳೆಯವರೇ, ಆದ್ರೆ ಜೀವಮಾನವಿಡೀ ಲೈಸೆನ್ಸ್ ರಿನ್ಯೂವಲ್ ಮಾಡ್ಕೊಂಡೇ ಬಂದವರು, ಪ್ರತಿ ಸಾಫ್ಟ್‌ವೇರ್ ಹಿಂದೆ ಒಬ್ಬ ಸೇಲ್ಸ್‌ನವನು ಇದ್ದೇ ಇರ್ತಾನೆ, ಗದರಿಸಿದ್ರೆ ಬಗ್ತಾನೆ ಅನ್ನೋ ನಂಬಿಕೆ. ಇಲ್ಲಿ ಬಗ್ಗಿಸೋಕೆ ಯಾರಿದ್ದಾರೆ? ಎಂಟು ತಿಂಗಳಿಗೊಂದು ರಿಲೀಸ್, 4.2 ಥರದ ಎಲ್‌ಟಿಎಸ್, ಅಂದ್ರೆ ಹೆಚ್ಚು ಕಾಲ ನೋಡ್ಕೊಳ್ಳೋ ವರ್ಷನ್, ಆದ್ರೆ ಮೂರು ವರ್ಷ ಫಿಕ್ಸ್, ಇದನ್ನ 4.2 ಬಂದ 2023ರಲ್ಲೇ ಹೇಳಿಟ್ಟಿದ್ರು.

ಅವತ್ತಿಂದ ನನ್ನ ತಲೆಯಲ್ಲಿ ಅದೇ "ಜಾಂಗೋದವರು" ಸುತ್ತುತ್ತಾ ಇದೆ. ಯಾರು ಅವರು? 2003ರಲ್ಲಿ ಅಮೆರಿಕದ ಕಾನ್ಸಸ್‌ನ ಲಾರೆನ್ಸ್ ಅನ್ನೋ ಊರಿನ ಪೇಪರ್ ಆಫೀಸಲ್ಲಿ ಶುರುವಾಗಿದ್ದು, 2005ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ರು. ಕೊನೇ ಮಾತು ನಮ್ಮದು ಅಂತ ಇದ್ದ ಇಬ್ಬರು 2014ರಲ್ಲಿ ತಾವಾಗೇ ಕೆಳಗಿಳಿದ್ರು, 2020ರಲ್ಲಿ ಕೋಡ್ ಸೇರಿಸೋ ಅಧಿಕಾರ ಇದ್ದ ಕೋರ್ ಟೀಮ್ ಅಂತಿದ್ದದ್ದನ್ನೂ ಅವರೇ ವಿಸರ್ಜನೆ ಮಾಡ್ಕೊಂಡ್ರು. ಕುರ್ಚಿ ಬಿಟ್ಟು ಏಳೋರನ್ನ ನಾನಂತೂ ಆಫೀಸಲ್ಲಿ ನೋಡಿಲ್ಲ, ಅದಿರ್ಲಿ. ಈಗ ಸಂಬಳಕ್ಕೆ ದಿನಾ ಕೂತು ಜನ ಕಳಿಸೋ ಪ್ಯಾಚ್ (ಕೋಡ್ ತಿದ್ದುಪಡಿ) ನೋಡೋರು ಅಂದ್ರೆ ಫೆಲೋಗಳು, ಬೆರಳೆಣಿಕೆಯಷ್ಟು ಜನ, ಅದೂ ಜಾಂಗೋನ ನೋಡ್ಕೊಳ್ಳೋ ಫೌಂಡೇಶನ್‌ಗೆ ಬರೋ ದೇಣಿಗೆಯಿಂದ. ಉಳಿದೋರೆಲ್ಲ ಪುಕ್ಕಟೆ.

ಪುಕ್ಕಟೆ ಕೆಲಸ ಹೇಗೆ ನಡೆಯುತ್ತೆ ಅನ್ನೋಕೆ ಅವರ ಬೇಡಿಕೆ ಪಟ್ಟಿಯ 373ನೇ ಟಿಕೆಟ್ ಒಂದು ಸಾಕು. ಎರಡು ಕಾಲಂ ಸೇರಿಸಿ ಒಂದೇ ಪ್ರೈಮರಿ ಕೀ (ಟೇಬಲ್‌ನ ಪ್ರತಿ ಸಾಲನ್ನ ಗುರುತಿಸೋದು) ಮಾಡೋಕೆ ಬಿಡಿ ಅಂತ 2005ರಲ್ಲೇ ಯಾರೋ ಕೇಳಿದ್ದು. ಯಾರ್ಯಾರೋ ಬಂದ್ರು, ಅರ್ಧಕ್ಕೆ ಬಿಟ್ರು, ಮತ್ತೊಬ್ರು ಎತ್ಕೊಂಡ್ರು, ಕೊನೆಗೆ 2025ರ ಏಪ್ರಿಲ್‌ನಲ್ಲಿ 5.2 ಜೊತೆ ಬಂತು. ಬಂದ್ರೂ ಅಂಥ ಟೇಬಲ್‌ನ ಮಾಡೆಲನ್ನ 5.2ರ ಅಡ್ಮಿನ್‌ಗೆ (ಡೇಟಾ ನೋಡಿ ತಿದ್ದೋ ರೆಡಿ ಪೇಜ್‌ಗಳು) ಹಾಕೋಕಾಗಲ್ಲ, ಬೇರೆ ಟೇಬಲ್‌ನಿಂದ ಅದಕ್ಕೆ ಫಾರಿನ್ ಕೀ, ಅಂದ್ರೆ ಕೊಂಡಿ, ಕೊಡೋಕಾಗಲ್ಲ. ನಮ್ಮ ಟೀಮಿನ ಒಬ್ಬ, ಒಂದು ಟೈಪೋ ಕೂಡ ತಿದ್ದಿ ಕಳಿಸದವನು, "ಇಪ್ಪತ್ತು ವರ್ಷಕ್ಕೆ ಇಷ್ಟೇನಾ" ಅಂದ. ಮೈ ಉರೀತು.

ಸರಿ, ಅಪ್‌ಗ್ರೇಡ್ ಮಾಡಿದ್ವಿ. ಟೆಸ್ಟರ್ ಬಂದು "ಲಾಗಿನ್ ಆಗುತ್ತೆ, ಹೊರಗೆ ಬರೋಕೇ ಆಗ್ತಿಲ್ಲ" ಅಂದ್ಲು. ಲಾಗ್‌ಔಟ್ ಒತ್ತಿದ್ರೆ ಬಿಳಿ ಪೇಜ್, 405 ಅನ್ನೋ ಎರರ್. ನಮ್ಮದು ಬರೀ ಲಿಂಕ್ ಆಗಿತ್ತು, ಅಂದ್ರೆ ಗೆಟ್ ರಿಕ್ವೆಸ್ಟ್ (ಪೇಜ್ ಕೊಡು ಅಂತ ಕೇಳೋದು), 5.0ರಿಂದ ಅದು ನಡೆಯಲ್ಲ, ಪೋಸ್ಟ್ (ಫಾರ್ಮ್ ಕಳಿಸೋದು) ಆಗ್ಬೇಕು. ಕಾರಣ ಸರಿಯಾಗೇ ಇದೆ, ಯಾವನೋ ತನ್ನ ಪೇಜಲ್ಲಿ ಒಂದು ಲಿಂಕ್‌ಗೆ ನಮ್ಮ ಲಾಗ್‌ಔಟ್ ವಿಳಾಸ ಹಾಕಿಟ್ರೆ ಒತ್ತಿದವರೆಲ್ಲ ಹೊರಗೆ ಬೀಳ್ಬಹುದು. 4.1ರಿಂದಲೇ ವಾರ್ನಿಂಗ್ ಕೂಗ್ತಾ ಇತ್ತು. ಲಿಂಕ್ ತೆಗೆದು ಒಂದು ಪುಟ್ಟ ಫಾರ್ಮ್, ಒಳಗೆ ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಮ್ಮ ಪೇಜಿಂದಲೇ ಬಂತು ಅನ್ನೋಕೆ ಗುಟ್ಟಿನ ಗುರುತು), ಒಂದು ಬಟನ್, ಮುಗೀತು.

ಮ್ಯಾನೇಜರ್‌ಗೆ ಇದನ್ನೆಲ್ಲ ಹೇಳಿದೆ, ಫೆಲೋಗಳ ಕಥೆ ಸಮೇತ. ಸ್ವಲ್ಪ ಹೊತ್ತು ಸುಮ್ನಿದ್ದು "ಹಂಗಾದ್ರೆ ಇಷ್ಟು ವರ್ಷ ಬಿಟ್ಟಿ ಉಂಡ್ವಾ? ನಾವೂ ಏನಾದ್ರೂ ಕೊಡ್ಬೇಕಲ್ರೀ" ಅಂದ್ರು, ಅಷ್ಟಕ್ಕೇ ನಿಲ್ಲದೆ ಅಲ್ಲೇ ಅಕೌಂಟ್ಸ್‌ಗೆ ಮೇಲ್ ಕೂಡ ಹಾಕಿದ್ರು, ನನಗೆ ನಿಜವಾಗ್ಲೂ ಆಶ್ಚರ್ಯ. ನಿನ್ನೆ ಅಕೌಂಟ್ಸ್‌ನಿಂದ ಉತ್ತರ ಬಂದಿದೆ: ಈ ವೆಂಡರ್ ನಮ್ಮ ಲಿಸ್ಟಲ್ಲಿಲ್ಲ, ದಯವಿಟ್ಟು ಮೂರು ಕೊಟೇಶನ್ ಲಗತ್ತಿಸಿ.