ಬಾಟಲಿಗೆ ಸುತ್ತಿದ ಗಾಳ

ಮೀನು ಹಿಡಿಯುವ ಸಾಮಾನಿನ ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. ಕೋಲು, ರೀಲು, ಹತ್ತಾರು ಬಗೆಯ ಬೆಂಡು, ಸೀಸದ ಗುಂಡು, ಹೊಳೆಯುವ ಹುಸಿ ಮೀನು, ಇದನ್ನೆಲ್ಲ ತುಂಬಿಡಲು ಖಾನೆಗಳಿರುವ ಪೆಟ್ಟಿಗೆ. ಆದರೆ ಬಿಡಿಸಿ ನೋಡಿದರೆ ಆಗಬೇಕಾದ ಕೆಲಸ ಕೆಲವೇ. ದಾರ ಸಿಕ್ಕಾಗದಂತೆ ಸುತ್ತಿರಬೇಕು. ಎರೆ ದೂರಕ್ಕೆ ಹೋಗಲು ಒಂದಿಷ್ಟು ಭಾರ ಬೇಕು. ಬೇಕಾದ ಆಳದಲ್ಲಿ ಎರೆ ನಿಲ್ಲಲು ಬೆಂಡು ಬೇಕು. ಮೀನು ಕಚ್ಚಿದರೆ ನಮಗೆ ಗೊತ್ತಾಗಬೇಕು. ಇಷ್ಟಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಬಿದ್ದಿರುತ್ತದೆ.

ನಾನು ಬಿಡಿಬಿಡಿಯಾಗಿ ಇಂಥ ಕೆಲಸ ಮಾಡಿಕೊಂಡೇ ಬಂದವನು. ಆದರೆ ಒಂದು ಇಡೀ ದಿನ ಹೀಗೆ ಕಳೆದದ್ದು ಅಕ್ಕನ ಮಗನ ದೆಸೆಯಿಂದ. ರಜೆಗೆ ಬಂದವನು, "ಮಾಮ, ನಂಗೂ ಒಂದು ಗಾಳ ಕೊಡಿಸು" ಅಂತ ದುಂಬಾಲು ಬಿದ್ದ. "ಕೊಡಿಸಲ್ಲ, ಮಾಡೋಣ" ಅಂದೆ. ಒಂದು ಕಟ್ಟಳೆ ಹಾಕಿದೆ. ಗಾಳದ ಕೊಕ್ಕೆ ಮತ್ತು ನೈಲಾನ್ ದಾರ ಮಾತ್ರ ನನ್ನ ಪೆಟ್ಟಿಗೆಯಿಂದ. ಬೇರೆ ಏನು ಬೇಕಾದರೂ ಮನೆಯಲ್ಲೇ ಹುಡುಕಬೇಕು.

"ಕೊಕ್ಕೆ ಯಾಕೆ? ಪಿನ್ನು ಬಗ್ಗಿಸಿದ್ರೆ ಆಗುತ್ತಲ್ವಾ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಬೇಡ ಅನ್ನಲು ಮನಸ್ಸಾಗಲಿಲ್ಲ. ಒಂದು ಪಿನ್ನು ಬಗ್ಗಿಸಿ ಜೇಬಿಗೆ ಹಾಕಿಕೋ, ನೀರಿನ ಹತ್ತಿರ ನೋಡೋಣ ಅಂದೆ.

ಮೊದಲು ರೀಲಿನ ಕೆಲಸ. ಅವನು ಒಂದು ತಗಡಿನ ಡಬ್ಬ ತಂದ. ಡಬ್ಬಕ್ಕೆ ಸುತ್ತಿ ಮೀನು ಹಿಡಿಯುವವರು ತುಂಬ ಜನ ಇದ್ದಾರೆ, ಆಗದ್ದೇನಲ್ಲ. ಆದರೆ ಅವನು ತಂದ ಡಬ್ಬದ ಅಂಚು ಮಡಿಚಿಕೊಂಡಿತ್ತು. ಬೆರಳಿಟ್ಟು ಸವರಿದರೆ ಸಣ್ಣ ದಿಬ್ಬದ ಹಾಗೆ ಸಿಗುತ್ತಿತ್ತು. ದಾರ ಹೊರಗೆ ಜಾರುವಾಗ ಅಲ್ಲಿ ತಡೆದುಕೊಳ್ಳುತ್ತದೆ, ತೀರಾ ಚೂಪಾಗಿದ್ದರೆ ಗೀರಿಕೊಳ್ಳುತ್ತದೆ. ಆಮೇಲೆ ನೀರಿನ ಬಾಟಲಿ ತಂದ. ಅದು ತೀರಾ ತೆಳು. ನೈಲಾನ್ ಎಳೆದರೆ ಹಿಗ್ಗುವ ವಸ್ತು. ಬಿಗಿಯಾಗಿ ಸುತ್ತಿದರೆ ಒಂದೊಂದು ಸುತ್ತೂ ಒಳಕ್ಕೆ ಒತ್ತುತ್ತದೆ. ಸುತ್ತು ಜಾಸ್ತಿ ಆದ ಹಾಗೆ ತೆಳು ಬಾಟಲಿ ಸೊಂಟ ಮುರಿದುಕೊಂಡು ಬೀಳುತ್ತದೆ. ಕೊನೆಗೆ ಸಿಕ್ಕಿದ್ದು ದಪ್ಪ ಪ್ಲಾಸ್ಟಿಕ್ಕಿನ ಒಂದು ಬಾಟಲಿ. ಕೈಗೆ ಹಿಡಿತ ಸಿಗುವ ಕತ್ತು, ನೇರವಾದ ಮೈ, ತಳದ ಅಂಚು ಗುಂಡಗೆ. ಬೇಕಿದ್ದದ್ದು ಅದೇ.

ದಾರದ ತುದಿಯನ್ನು ಬಾಟಲಿಗೆ ಬಿಗಿದು ಕಟ್ಟಿ, ಮೇಲೆ ಟೇಪ್ ಸುತ್ತಿದೆವು. ಇಲ್ಲದಿದ್ದರೆ ಯಾವುದೋ ದೊಡ್ಡ ಮೀನು ಕೊನೆಯ ಸುತ್ತಿನ ತನಕ ಎಳೆದರೆ ದಾರ ಪೂರ್ತಿ ಹೋಗಿಬಿಡುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಹುಡುಗ ಬಾಟಲಿಯನ್ನು ತಿರುಗಿಸುತ್ತಾ ದಾರ ಸುತ್ತಲು ಶುರು ಮಾಡಿದ. ನೋಡಲು ಅದೇ ಸಲೀಸು. ಆದರೆ ಎಸೆಯುವಾಗ ಬಾಟಲಿ ತಿರುಗುವುದಿಲ್ಲ, ದಾರ ತಳದ ಅಂಚಿನಿಂದ ಉಂಗುರ ಉಂಗುರವಾಗಿ ಜಾರಿಕೊಂಡು ಹೋಗುತ್ತದೆ. ಒಂದೊಂದು ಉಂಗುರಕ್ಕೂ ದಾರದಲ್ಲಿ ಒಂದು ತಿರುಚು ಉಳಿಯುತ್ತದೆ. ನಾಲ್ಕಾರು ಸಲ ಎಸೆಯುವಷ್ಟರಲ್ಲಿ ದಾರ ಸುರುಳಿ ಸುರುಳಿಯಾಗಿ ಸಿಕ್ಕು ಬೀಳುತ್ತದೆ. ಬಾಟಲಿ ಅಲ್ಲಾಡದಂತೆ ಹಿಡಿದು, ಕೈಯನ್ನೇ ಅದರ ಸುತ್ತ ಆಡಿಸಿ ಸುತ್ತಿದರೆ, ಸುತ್ತುವಾಗ ಬಿದ್ದ ತಿರುಚು ಜಾರುವಾಗ ಬಿಚ್ಚಿಕೊಳ್ಳುತ್ತದೆ. ಅಂಗಡಿಯ ಸ್ಪಿನ್ನಿಂಗ್ ರೀಲಿನಲ್ಲೂ ಉರುಳೆ ತಿರುಗುವುದಿಲ್ಲ. ಅದರ ಸುತ್ತ ತಂತಿಯ ಕೈ ಓಡಾಡಿ ದಾರ ಸುತ್ತುತ್ತದೆ. ಇದನ್ನು ಅವನ ಕೈಯಲ್ಲೇ ಮಾಡಿಸಿ ತೋರಿಸಿದಾಗ ಕಣ್ಣರಳಿಸಿದ. ಬಾಟಲಿಯೂ ರೀಲೇ ಅಂತ ಅವನಿಗೆ ಅನ್ನಿಸಿದ್ದು ಆಗಲೇ.

ಭಾರಕ್ಕೆ ನಟ್ಟುಗಳು. ಗಾಳ ಹಾಕುವವರು ಸೀಸ ಬಳಸುವುದು ಅದರ ತೂಕಕ್ಕೆ. ಒಂದು ಘನ ಸೆಂಟಿಮೀಟರಿಗೆ ಸೀಸ ಸುಮಾರು 11.3 ಗ್ರಾಂ, ಉಕ್ಕು ಸುಮಾರು 7.8 ಗ್ರಾಂ. ಅಷ್ಟೇ ತೂಕಕ್ಕೆ ಉಕ್ಕಿನ ತುಂಡು ಸ್ವಲ್ಪ ದಪ್ಪ ಆಗುತ್ತದೆ, ಅಷ್ಟೇ ನಷ್ಟ. ಸೀಸದ ನಷ್ಟ ಬೇರೆ ಥರದ್ದು. ಕಳೆದುಹೋದ ಗುಂಡನ್ನು ನೀರುಹಕ್ಕಿಗಳು ಕಲ್ಲಿನ ಹರಳು ಅಂದುಕೊಂಡು ನುಂಗುತ್ತವೆ. ಹೊಟ್ಟೆಯಲ್ಲಿ ಸೀಸ ಸವೆದು ವಿಷವಾಗುತ್ತದೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುತ್ತಿದ್ದವು ಎಂದೇ 1987ರಲ್ಲಿ ಗಾಳದ ಸೀಸದ ಗುಂಡುಗಳಲ್ಲಿ ಬಹುಪಾಲಿನ ಮಾರಾಟ ನಿಲ್ಲಿಸಿದರು. ಮಕ್ಕಳಂತೂ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ದಾರಕ್ಕೆ ಬಿಗಿಯುತ್ತಾರೆ, ಅದು ಕೂಡದು. ತುಕ್ಕು ಹಿಡಿದ ನಟ್ಟು ಎಷ್ಟೋ ವಾಸಿ.

ನಟ್ಟನ್ನು ನೇರವಾಗಿ ನೈಲಾನಿಗೆ ಪೋಣಿಸಲಿಲ್ಲ. ಒಳಗಿನ ತಿರುಪಿನ ಏಣು ಚೂಪಾಗಿರುತ್ತದೆ, ಉಜ್ಜಿ ಉಜ್ಜಿ ದಾರ ಸವೆಯುತ್ತದೆ. ಹೊಲಿಗೆ ಪೆಟ್ಟಿಗೆಯ ಹತ್ತಿ ದಾರದ ಗೇಣುದ್ದ ತುಂಡಿನಲ್ಲಿ ನಟ್ಟನ್ನು ಇಳಿಬಿಟ್ಟೆವು. ಹತ್ತಿ ದಾರಕ್ಕೆ ಶಕ್ತಿ ಕಡಿಮೆ. ಇಲ್ಲಿ ಅದೇ ಲಾಭ. ನಟ್ಟು ಕಲ್ಲಿನ ಸಂದಿಗೆ ಸಿಕ್ಕಿಕೊಂಡರೆ ಜೋರಾಗಿ ಎಳೆದಾಗ ಹತ್ತಿ ದಾರ ಮಾತ್ರ ಕಿತ್ತುಹೋಗುತ್ತದೆ. ಕೊಕ್ಕೆ, ಬೆಂಡು, ಮೀನು ಎಲ್ಲ ನಮ್ಮ ಕೈಗೆ ಬರುತ್ತವೆ. ಮನೆಯ ಸಾಮಾನಿನಲ್ಲಿ ನನಗೆ ತುಂಬ ಇಷ್ಟವಾದ ಉಪಾಯ ಇದು.

ಇನ್ನು ಬೆಂಡು. ಗಾಜಿನ ಬಾಟಲಿಯ ಬಿರಡೆ, ಅಂದರೆ ಮರದ ತೊಗಟೆಯ ಕಾರ್ಕು, ನೀರಿನ ಕಾಲು ಭಾಗದಷ್ಟೇ ಭಾರ. ತೇಲುವುದರಲ್ಲಿ ಅದಕ್ಕೆ ಎದುರಿಲ್ಲ. ಆದರೆ ಇಡೀ ಬಿರಡೆಯನ್ನು ಹಾಗೇ ಕಟ್ಟಿದರೆ ಅದು ಬೇಕಾದ್ದಕ್ಕಿಂತ ಜಾಸ್ತಿ ತೇಲುತ್ತದೆ. ಸಣ್ಣ ಮೀನು ಎರೆ ಬಾಯಿಗೆ ಹಾಕಿದ ತಕ್ಷಣ ಮೇಲಿಂದ ಎಳೆತ ಗೊತ್ತಾಗಿ ಉಗುಳಿ ಓಡುತ್ತದೆ. ಹಾಗಾಗಿ ಬಿರಡೆಯನ್ನು ಉದ್ದಕ್ಕೆ ಸೀಳಿ, ಅರ್ಧ ಭಾಗವನ್ನು ಅರದಲ್ಲಿ ಉಜ್ಜಿ ತೆಳ್ಳಗೆ ಮಾಡಿದೆವು. ಮೈಯುದ್ದಕ್ಕೆ ಬ್ಲೇಡಿನಲ್ಲಿ ಒಂದು ಸೀಳು. ದಾರವನ್ನು ಅದರಲ್ಲಿ ಕೂರಿಸಿ, ಕಡ್ಡಿಪೆಟ್ಟಿಗೆಯ ಕಡ್ಡಿ ಬೆಣೆ ಹಾಕಿದರೆ ಮುಗಿಯಿತು. ಕಡ್ಡಿ ಸಡಿಲಿಸಿ ಬೆಂಡನ್ನು ಮೇಲೆ ಕೆಳಗೆ ಸರಿಸಿದರೆ ಎರೆಯ ಆಳ ಬದಲಾಗುತ್ತದೆ.

ಬಕೆಟ್ಟಿನಲ್ಲಿ ನೀರು ತುಂಬಿ ಬೆಂಡನ್ನು ಬಿಟ್ಟೆವು. ಅಡ್ಡ ಮಲಗಿತು. ಕೆಳಗೆ ಒಂದು ಪುಟ್ಟ ನಟ್ಟು ಕಟ್ಟಿದೆವು. ಎದ್ದು ನಿಂತಿತು, ಆದರೆ ಅರ್ಧ ಮೈ ನೀರಿನ ಮೇಲೆ. ಇನ್ನೊಂದು ಕಟ್ಟಿದರೆ ಮುಳುಗಿಯೇ ಹೋಯಿತು. ಎರಡನೆಯದರ ಬದಲು ಕಾಗದದ ಕ್ಲಿಪ್ಪು ಸಿಕ್ಕಿಸಿದ ಹುಡುಗ. ಈಗ ತುದಿ ಮಾತ್ರ ನೀರಿನ ಮೇಲೆ ಇಣುಕುತ್ತಾ ನಿಂತಿತು. ಬೆರಳ ತುದಿಯಲ್ಲಿ ಮೆಲ್ಲಗೆ ಮುಟ್ಟಿದರೂ ಒಳಕ್ಕೆ ಹೋಗಿ ಬರುತ್ತಿತ್ತು. ಆ ತುದಿಗೆ ಅಕ್ಕನ ಕೆಂಪು ನೇಲ್ ಪಾಲಿಶ್ ಬಳಿದೆವು. ಅದು ನೀರಿಗೆ ಜಗ್ಗುವುದಿಲ್ಲ, ದೂರದಿಂದ ಎದ್ದು ಕಾಣುತ್ತದೆ. "ನನ್ನ ಪಾಲಿಶ್ ಯಾರು ತಗೊಂಡಿದ್ದು?" ಅಂತ ಒಳಗಿಂದ ದನಿ ಬಂದಾಗ ಹುಡುಗ ಕಿಸಕ್ಕನೆ ನಕ್ಕ.

ಚಮಚದ ಕತೆ ಹೇಳದೆ ಇದ್ದರೆ ಆಗುವುದಿಲ್ಲ. ಗಾಳ ಹಾಕುವವರು 'ಸ್ಪೂನ್' ಅಂತ ಕರೆಯುವ ಹೊಳೆಯುವ ಲೋಹದ ಹುಸಿ ಮೀನು ನಿಜವಾಗಿಯೂ ಊಟದ ಚಮಚದಿಂದ ಹುಟ್ಟಿದ್ದು ಅಂತ ಹೇಳಿಕೆ ಇದೆ. ಅಮೆರಿಕದ ಜೂಲಿಯೊ ಬ್ಯುಯೆಲ್ ಎಂಬಾತ ದೋಣಿಯಲ್ಲಿ ಊಟ ಮಾಡುವಾಗ ಚಮಚ ನೀರಿಗೆ ಬಿತ್ತಂತೆ. ಅದು ಓಲಾಡುತ್ತಾ ಮುಳುಗುವಾಗ ದೊಡ್ಡ ಮೀನೊಂದು ಬಂದು ಕಚ್ಚಿತಂತೆ. ಕತೆ ಎಷ್ಟು ನಿಜವೋ, 1852ರಲ್ಲಿ ಅವನು ಸ್ಪೂನಿಗೆ ಪೇಟೆಂಟ್ ಪಡೆದದ್ದಂತೂ ನಿಜ. ಚಮಚದ ಬಟ್ಟಲು ಬಾಗಿರುವುದರಿಂದ ನೀರಿನಲ್ಲಿ ಎಳೆದರೆ ನೇರ ಬರುವುದಿಲ್ಲ, ಆಚೆ ಈಚೆ ಓಲಾಡುತ್ತದೆ. ಗಾಯಗೊಂಡ ಸಣ್ಣ ಮೀನು ಮಿನುಗಿದ ಹಾಗೆ ಕಾಣುತ್ತದೆ. ಜೊತೆಗೆ ನೀರು ಅದುರುತ್ತದೆ. ಮೀನಿನ ಎರಡೂ ಪಕ್ಕದಲ್ಲಿ ಉದ್ದಕ್ಕೆ ಇರುವ ಗೆರೆ ಆ ಅದುರನ್ನು ಹಿಡಿಯುತ್ತದೆ. ನೀರು ಕದಡಿದ್ದು ಕಣ್ಣಿಗೆ ಕಾಣದಿದ್ದರೂ, ಹತ್ತಿರ ಬಂದರೆ ಅದಕ್ಕೆ ಸುದ್ದಿ ಮುಟ್ಟುತ್ತದೆ.

ಹಿಡಿ ಮುರಿದ ಒಂದು ಸ್ಟೀಲ್ ಚಮಚ ಇತ್ತು. ಉಳಿದ ಹಿಡಿಯನ್ನು ಗರಗಸದಲ್ಲಿ ಕೊಯ್ದು ಅಂಚನ್ನು ಅರದಲ್ಲಿ ನುಣ್ಣಗೆ ಮಾಡಿದೆ. ಬಟ್ಟಲಿನ ಎರಡೂ ತುದಿಗೆ ತೂತು ಬೇಕು. ಸ್ಟೀಲಿನಲ್ಲಿ ಡ್ರಿಲ್ ಜೋರಾಗಿ ಓಡಿಸಿದರೆ ಕೊರೆಯುವ ಬದಲು ಉಜ್ಜಿ ಆ ಜಾಗ ಇನ್ನೂ ಗಟ್ಟಿಯಾಗುತ್ತದೆ, ಬಿಸಿಗೆ ಮೊನೆ ಮೊಂಡಾಗುತ್ತದೆ. ಮೊದಲು ಮೊಳೆಯಿಂದ ಒಂದು ಗುಳಿ ಹೊಡೆದು, ಒಂದು ತೊಟ್ಟು ಎಣ್ಣೆ ಬಿಟ್ಟು, ನಿಧಾನವಾಗಿ ಒತ್ತಿ ಕೊರೆದೆ. ಚಮಚವನ್ನು ಕೈಯಲ್ಲಿ ಹಿಡಿದು ಕೊರೆಯಬಾರದು, ಗಿರ್ರನೆ ತಿರುಗಿ ಬೆರಳು ಕೊಯ್ಯುತ್ತದೆ. ಮರದ ತುಂಡಿಗೆ ಬಿಗಿದೇ ಕೊರೆಯಬೇಕು. ಈ ಕೆಲಸ ಹುಡುಗನ ಕೈಗೆ ಕೊಡಲಿಲ್ಲ. ಬೀಗದ ಕೈ ಗೊಂಚಲಿನಿಂದ ಬಿಚ್ಚಿದ ಪುಟ್ಟ ಉಂಗುರಗಳನ್ನು ಅವನೇ ತೂರಿಸಿ ಒಂದು ಕಡೆ ಕೊಕ್ಕೆ ಸಿಕ್ಕಿಸಿದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೆರೆ ದಡದಲ್ಲಿದ್ದೆವು. ಮೊದಲು ಪಿನ್ನಿನ ಪರೀಕ್ಷೆ. ಎರೆಹುಳು ಸಿಕ್ಕಿಸಿ ಬಿಟ್ಟ. ಬೆಂಡಿನ ಕೆಂಪು ತುದಿ ಕುಣಿಯಿತು, ಮುಳುಗಿತು. ಎಳೆದ. ಮೀನು ನೀರಿನಿಂದ ಮೇಲೆದ್ದು, ಗಾಳಿಯಲ್ಲಿ ಒಮ್ಮೆ ಒದರಿ, ಜಾರಿ ಬಿತ್ತು. ಇನ್ನೊಮ್ಮೆಯೂ ಅದೇ. ಪಿನ್ನನ್ನು ಅಂಗೈಯಲ್ಲಿಟ್ಟು ನೋಡಿದೆವು. ಬಾಗು ಬಿಚ್ಚಿಕೊಂಡು ಅಗಲವಾಗಿತ್ತು. ಕೊಕ್ಕೆಯ ತಂತಿಯನ್ನು ಬಗ್ಗಿಸಿದ ಮೇಲೆ ಕಾಯಿಸಿ ಹದ ಕೊಟ್ಟಿರುತ್ತಾರೆ, ಹಾಗಾಗಿ ಬಾಗು ನಿಲ್ಲುತ್ತದೆ. ನಾವು ಬಗ್ಗಿಸಿದ ಪಿನ್ನಿಗೆ ಆ ಹದ ಎಲ್ಲಿಂದ ಬರಬೇಕು? "ಕೊಕ್ಕೆನೇ ಕೊಡು ಮಾಮ" ಅಂದ. ನಾನು ಕಟ್ಟಳೆ ಹಾಕಿದ್ದು ಇದಕ್ಕೇ. ಕೊಕ್ಕೆ, ದಾರ ಎರಡನ್ನು ಬಿಟ್ಟು ಎಲ್ಲದಕ್ಕೂ ಮನೆಯಲ್ಲಿ ಬದಲಿ ಇದೆ.

ಅಂದಹಾಗೆ ನೈಲಾನ್ ಮೊದಲು ಅಂಗಡಿಗೆ ಬಂದದ್ದು ಗಾಳದ ದಾರವಾಗಿ ಅಲ್ಲ. 1938ರಲ್ಲಿ ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ ಬಂತು. ಅದಕ್ಕೂ ಮುಂಚೆ ಜನ ರೇಷ್ಮೆ, ಕುದುರೆ ಬಾಲದ ಕೂದಲು ಹೊಸೆದು ಗಾಳ ಹಾಕುತ್ತಿದ್ದರು. ನೈಲಾನಿಗೆ ಗಂಟು ಹಾಕುವಾಗ ಎಂಜಲು ಹಚ್ಚಿ ಬಿಗಿಯಬೇಕು. ಒಣ ಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ. ಉಳಿದ ತುದಿ ಕತ್ತರಿಸಲು ನೇಲ್ ಕಟರ್‌ಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ.

ಕೊಕ್ಕೆಯ ಹಿಮ್ಮುಳ್ಳನ್ನು, ಅಂದರೆ ಮೊನೆಯ ಹತ್ತಿರ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು, ಕಟಿಂಗ್ ಪ್ಲೇಯರಿನಲ್ಲಿ ಅದುಮಿ ಚಪ್ಪಟೆ ಮಾಡಿ ಕೊಟ್ಟೆ. ಸಣ್ಣ ಮೀನನ್ನು ವಾಪಸ್ ಬಿಡುವಾಗ ಬಾಯಿ ಹರಿಯುವುದಿಲ್ಲ, ಹುಡುಗನ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬಿಡಿಸಬಹುದು. ದಾರ ಹಿಡಿಯುವ ಬೆರಳಿಗೆ ಸೈಕಲ್ ಟ್ಯೂಬಿನ ತುಂಡು ಉಂಗುರದ ಹಾಗೆ ಹಾಕಿಸಿದೆ. ಕೋಲಿಲ್ಲದೆ ಗಾಳ ಹಾಕುವಾಗ ದಾರವನ್ನು ಬೆರಳಿಗೆ ಸುತ್ತಿಕೊಳ್ಳುವುದು ತೀರಾ ಅಪಾಯ. ಮೀನು ಜಗ್ಗಿದರೆ ನೈಲಾನ್ ಚರ್ಮ ಕೊಯ್ಯುತ್ತದೆ.

ಈ ಸಲ ಬಂದ ಮೀನು ಜಾರಲಿಲ್ಲ. ಅಂಗೈಯಷ್ಟು ಉದ್ದ ಇತ್ತು. ಹಿಡಿಯುವ ಮುಂಚೆ ಕೈ ಒದ್ದೆ ಮಾಡಿಕೋ ಅಂದೆ. ಮೀನಿನ ಮೈಮೇಲಿನ ಲೋಳೆ ಅದಕ್ಕೆ ರೋಗ ತಾಗದಂತೆ ಕಾಯುತ್ತದೆ, ಒಣ ಕೈ ಅದನ್ನು ಒರೆಸಿ ತೆಗೆಯುತ್ತದೆ. ಹುಡುಗ ಮೀನನ್ನು ನೀರಿನ ಮಟ್ಟದಲ್ಲೇ ಹಿಡಿದು, ಕಿವಿರು ಬಡಿಯುವುದನ್ನು ನೋಡಿ, ಕೊಕ್ಕೆ ಬಿಡಿಸಿ ಬಿಟ್ಟ.

ಇನ್ನೊಂದು ಬಾಟಲಿಯ ದಾರವನ್ನು ತಳಕ್ಕೆ ಇಳಿಬಿಟ್ಟು, ನೆಲಕ್ಕೆ ಊರಿದ ಕೋಲಿನ ಮೇಲೆ ಹಾಯಿಸಿ, ಬಟ್ಟೆ ಒಣಹಾಕುವ ಕ್ಲಿಪ್ಪಿಗೆ ಪುಟ್ಟ ಗೆಜ್ಜೆ ಕಟ್ಟಿ ಸಿಕ್ಕಿಸಿದ್ದೆವು. ಗಾಳಿಗೂ ಅದು ಕಿಣಿಕಿಣಿ ಅನ್ನುತ್ತಿತ್ತು, ಹುಡುಗ ಒಂದೊಂದು ಸಲಕ್ಕೂ ಓಡುತ್ತಿದ್ದ. ಗಾಳಿಯ ಅದುರು ಒಂದೇ ಸಮ ಇರುತ್ತದೆ, ಮೀನಿನ ಎಳೆತ ಬಿಟ್ಟು ಬಿಟ್ಟು ಬರುತ್ತದೆ. ಕೇಳುತ್ತಾ ಕೇಳುತ್ತಾ ಅವನಿಗೆ ವ್ಯತ್ಯಾಸ ಗೊತ್ತಾಯಿತು, ಓಡುವುದು ಕಡಿಮೆಯಾಯಿತು.

ಚಮಚ ಎಸೆದದ್ದು ಬಿಸಿಲು ಓರೆಯಾದ ಮೇಲೆ. ಬಾಟಲಿಯ ತಳವನ್ನು ನೀರಿನ ಕಡೆ ತಿರುಗಿಸಿ, ಇನ್ನೊಂದು ಕೈಯಲ್ಲಿ ಚಮಚ ಬೀಸಿ ಬಿಟ್ಟಾಗ ದಾರ ಸದ್ದಿಲ್ಲದೆ ಜಾರಿ ಹೋಯಿತು. ಸುತ್ತಿಕೊಂಡು ಬರುವಾಗ ದಡದ ಹತ್ತಿರದ ತಿಳಿ ನೀರಿನಲ್ಲಿ ಚಮಚ ಮಿನುಗುತ್ತಾ ಬಂತು. ಅದರ ಹಿಂದೆಯೇ ಒಂದು ಉದ್ದನೆಯ ನೆರಳು. ಚಮಚ ನಿಂತರೆ ಅದೂ ನಿಲ್ಲುತ್ತಿತ್ತು. ನಮ್ಮನ್ನು ಕಂಡಿತೋ ಏನೋ, ಬಾಲ ಬೀಸಿ ಮಾಯವಾಯಿತು. "ಮಾಮ, ಅದು ಚಮಚ ಅಂತ ಗೊತ್ತಾಗ್ಲಿಲ್ಲ ಅದಕ್ಕೆ!" ಅಂತ ಕೂಗಿದ. ಮೀನು ಸಿಗದಿದ್ದರೂ ಅವನಿಗೆ ಆ ದಿನ ಗೆದ್ದ ಖುಷಿ ಅದೇ.

ಹೊರಡುವ ಮುಂಚೆ ಕತ್ತರಿಸಿದ ನೈಲಾನ್ ತುಂಡುಗಳನ್ನೆಲ್ಲ ಹೆಕ್ಕಿ ಖಾಲಿ ಮಾತ್ರೆ ಡಬ್ಬಿಗೆ ತುಂಬಿದೆವು. ಅದು ಬೇಗ ಕೊಳೆಯುವ ವಸ್ತುವಲ್ಲ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ಕೊಕ್ಕೆಗಳನ್ನು ಉಳಿದರ್ಧ ಬಿರಡೆಗೆ ಚುಚ್ಚಿ, ದಾರದ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಮುಗಿಸಿದೆವು.

ರಾತ್ರಿ ನೋಡಿದರೆ ಹುಡುಗ ಸೋಡಾ ಬಾಟಲಿಯ ತಗಡಿನ ಮುಚ್ಚಳವೊಂದನ್ನು ಅರ್ಧಕ್ಕೆ ಮಡಿಚುತ್ತಾ ಕೂತಿದ್ದ. ಒಳಗೆ ಎರಡು ಮಣಿ ಹಾಕಿ ಬಾಯಿ ಮುಚ್ಚಿದರೆ ನೀರಿನಲ್ಲಿ ಗಿಲಕಿ ಥರ ಸದ್ದು ಬರುತ್ತೆ, ಮೀನಿಗೆ ಕೇಳಿಸುತ್ತೆ ಅಂದ. ಕೇಳಿಸುತ್ತದೆ. ತೂತು ಎಲ್ಲಿ ಬೇಕು ಅಂತ ಗುರುತು ಹಾಕಿಡು, ಬೆಳಿಗ್ಗೆ ಕೊರೆದು ಕೊಡ್ತೀನಿ ಅಂದೆ.