ಮಾಲ್ಡೀವ್ಸ್ ರೆಸಾರ್ಟ್: ಬೇಸಿಗೆ ರಜೆಗೆ ಬುಕ್ ಮಾಡುವ ಮುಂಚೆ

ಮೊದಲು ನೋಡಬೇಕಾದ್ದು ರೂಮಿನ ಚಂದವಲ್ಲ, ರಾಜಧಾನಿ ಮಾಲೆಯಲ್ಲಿ ನಿಮ್ಮ ವಿಮಾನ ಇಳಿಯುವ ಹೊತ್ತು. ಅಲ್ಲಿಂದ ದೂರದ ದ್ವೀಪಗಳ ರೆಸಾರ್ಟಿಗೆ ಒಯ್ಯುವ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಹಗಲಲ್ಲಿ ಮಾತ್ರ ಹಾರುತ್ತದೆ. ನೀರಿನ ಮೇಲೆ ಇಳಿಸಲು ಪೈಲಟ್‌ಗೆ ಅಲೆ ಕಣ್ಣಿಗೆ ಕಾಣಬೇಕು. ನೀವು ಮಾಲೆಗೆ ಬಂದಿಳಿಯುವಾಗ ಮಧ್ಯಾಹ್ನ 3:30 ದಾಟಿತೆಂದರೆ ಆ ರಾತ್ರಿ ಮಾಲೆಯಲ್ಲೇ ಕಳೆಯಬೇಕಾದೀತು, ರೆಸಾರ್ಟಿನ ಒಂದು ದಿನದ ದುಬಾರಿ ಬಾಡಿಗೆ ನೀರುಪಾಲು. ಸ್ಪೀಡ್‌ಬೋಟ್ ಹೋಗುವ ದ್ವೀಪಕ್ಕೆ ಈ ತಲೆನೋವು ಕಡಿಮೆ. ಸೀಪ್ಲೇನಿನಲ್ಲಿ ಲಗೇಜು ಸಾಮಾನ್ಯವಾಗಿ 20 ಕಿಲೋ, ಕೈಚೀಲ 5 ಕಿಲೋ.

ದರದ ಪಕ್ಕ ‘++’ ಇದ್ದರೆ 10% ಸೇವಾ ಶುಲ್ಕ, ಅದರ ಮೇಲೆ 17% ಜಿಎಸ್‌ಟಿ: 100 ಡಾಲರ್ ಊಟ ಸುಮಾರು 129 ಆಗುತ್ತದೆ. ಹಸಿರು ತೆರಿಗೆ ತಲೆಗೆ, ರಾತ್ರಿಗೆ 12 ಡಾಲರ್ ಬೇರೆ.

ಏಪ್ರಿಲ್‌ನಲ್ಲಿ ಸಮುದ್ರ ಬಹುಪಾಲು ಶಾಂತ. ಮೇ ತಿಂಗಳಲ್ಲಿ ನೈಋತ್ಯ ಗಾಳಿ ಶುರುವಾಗಿ ಪಶ್ಚಿಮ ದಡದಲ್ಲಿ ಅಲೆ ಏಳುತ್ತದೆ. ಆಗ ಹೋಗುವವರು ಪೂರ್ವ ಬದಿಯ ವಿಲ್ಲಾ ಕೇಳಿ ಪಡೆಯಿರಿ.